ಬರಿದಾದ ಆಸನಗಳು: ದೋಷವು ಯಾರದು?

ನಮ್ಮ ಸಂಘದ ವಾಚನಾಲಯದಲ್ಲಿ ಕಳೆದ ತಿಂಗಳು ನಡೆದ ಒಂದು ವಾಗ್ವಾದವೇ ಈ ಲೇಖನಕ್ಕೆ ಕಾರಣವು. ವೃತ್ತಪತ್ರಿಕೆಯಲ್ಲಿ ಅಚ್ಚಾಗಿದ್ದ ಒಂದು ಕಾಲ್ಚೆಂಡಿನ ಪಂದ್ಯದ ಚಿತ್ರವನ್ನು ಮಿತ್ರರೊಬ್ಬರು ನನ್ನ ಮುಂದೆ ಹಿಡಿದರು. ಇಬ್ಬರು ಆಟಗಾರರು ಚೆಂಡಿಗಾಗಿ ಹೆಣಗುತ್ತಿದ್ದಾರೆ. ಅವರ ಬೆನ್ನಹಿಂದೆ ಸಾಲುಸಾಲಾಗಿ ಬರಿಯ ಕುರ್ಚಿಗಳು. “ನೋಡಿದಿರಾ ಮೇಷ್ಟ್ರೇ, ನಿಮ್ಮ ಆಟದ ವೈಭವವನ್ನು! ಕೇಳುವವರಿಲ್ಲದ ಹರಿಕಥೆಯಾಯಿತು. ನಮ್ಮ ಜನಕ್ಕೆ ಈ ಆಟದ ರುಚಿಯಿಲ್ಲ. ಇದ್ದಿದ್ದರೆ ಟಿಕೆಟ್ಟು ಕೊಂಡು ಹೋಗುತ್ತಿರಲಿಲ್ಲವೆ? ಮನೆಯಲ್ಲಿ ಟೆಲಿವಿಷನ್ ಇದೆ, ಕೈಯಲ್ಲಿ ಫೋನಿದೆ, ನೋಡಬೇಕೆನ್ನುವವನು ಅಲ್ಲೇ ನೋಡಿಕೊಳ್ಳಲಿ” ಎಂದರು. ಸುತ್ತಲಿದ್ದ ನಾಲ್ಕಾರು ಮಂದಿ ತಲೆದೂಗಿದರು. ಆ ದಿನ ನಾನು ತಕ್ಕ ಉತ್ತರವನ್ನು ಹೇಳಲಾರದೆ ಮನೆಗೆ ಬಂದೆನು. ನಾಲಗೆಗಿಂತ ಲೇಖನಿಯೇ ನನಗೆ ಹೆಚ್ಚು ವಶವಾದುದಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಸಾಹಿತ್ಯಪತ್ರಿಕೆಯಲ್ಲಿ ಕಾಲ್ಚೆಂಡಿಗೇನು ಕೆಲಸವೆಂದು ವಾಚಕ ಮಹಾಶಯರು ಹುಬ್ಬುಗಂಟಿಕ್ಕಬಾರದು. ಜೀವಮಾನವೆಲ್ಲ ಶಬ್ದರೂಪಗಳನ್ನೂ ಧಾತುಪಾಠವನ್ನೂ ಮಕ್ಕಳಿಂದ ಉರುಹೊಡೆಯಿಸಿದವನು ನಾನು. ಆದರೂ ಪಾಠಶಾಲೆಯ ದಿನಗಳಲ್ಲಿ, ಸಂಜೆ ಸಂಧ್ಯಾವಂದನೆಗೆ ಮೊದಲು, ಧೋತರವನ್ನು ಎತ್ತಿ ಕಟ್ಟಿ ಬಟ್ಟೆಯ ಚೆಂಡನ್ನು ಒದೆಯುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬನು. ನ್ಯಾಯಶಾಸ್ತ್ರವನ್ನು ಹೇಳುತ್ತಿದ್ದ ನಮ್ಮ ಗುರುಗಳು ಜಗುಲಿಯ ಮೇಲೆ ಕುಳಿತು ನೋಡುತ್ತಿದ್ದರು. ಚೆಂಡು ಗೆರೆ ದಾಟಿತೋ ಇಲ್ಲವೋ ಎಂಬ ವಿವಾದವೆದ್ದರೆ ಅವರದೇ ತೀರ್ಪು. ಮುಂದೆ ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಹೈಸ್ಕೂಲಿನಲ್ಲಿ ಸಂಸ್ಕೃತದ ಉಪಾಧ್ಯಾಯನಾದಾಗ ಅಲ್ಲಿ ವ್ಯಾಯಾಮ ಶಿಕ್ಷಕರ ಸ್ಥಾನವು ವರ್ಷಗಟ್ಟಲೆ ಖಾಲಿ ಬಿದ್ದಿದ್ದುದರಿಂದ ಆ ಭಾರವೂ ನನ್ನ ತಲೆಗೇ ಬಂದಿತು. ಆದುದರಿಂದ ಈ ವಿಷಯದಲ್ಲಿ ಮಾತನಾಡಲು ನನಗೆ ಕಿಂಚಿತ್ತಾದರೂ ಅಧಿಕಾರವುಂಟೆಂದು ಭಾವಿಸುತ್ತೇನೆ.

ಮೊದಲು ‘ರುಚಿಯಿಲ್ಲ’ವೆಂಬ ಪೂರ್ವಪಕ್ಷವನ್ನೇ ತೆಗೆದುಕೊಳ್ಳೋಣ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವು ಮುಂಬಯಿಗೆ ಹೋಗಿ ರೋವರ್ಸ್ ಕಪ್ಪನ್ನು ಗೆದ್ದು ತಂದಿತು. ಅದುವರೆಗೆ ಬಿಳಿಯ ಸೋಲ್ಜರರ ಸೊತ್ತೆಂಬಂತಿದ್ದ ಆ ಕಪ್ಪನ್ನು ಗೆದ್ದ ಮೊದಲನೆಯ ಭಾರತೀಯ ತಂಡವು ಅದೇ. ಮರುವರ್ಷವೂ ಅದೇ ಗೆದ್ದಿತು. ಸಂತೋಷ್ ಟ್ರೋಫಿಯು 1946-47ರಲ್ಲಿ ಮೈಸೂರಿನ ಪಾಲಾಯಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು, ಬಹುಮಂದಿ ಬರಿಗಾಲಿನಲ್ಲಿ, ಫ್ರಾನ್ಸಿನೊಡನೆ ಆಡಿ 2-1ರಿಂದ ಸೋತಾಗ ಭಾರತದ ಆ ಒಂದು ಗೋಲನ್ನು ಹೊಡೆದವರು ಮೈಸೂರಿನ ಪರವಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿ, ಅಲ್ಲಿಯ ಜನರು ‘ಪಂಚಪಾಂಡವ’ರೆಂದು ಕೊಂಡಾಡಿದ ಐವರಲ್ಲಿ ಒಬ್ಬರಾದರು. ಇವರೆಲ್ಲರೂ ಆಕಾಶದಿಂದ ಉದುರಿದವರೆ? ಬೆಂಗಳೂರಿನ ದಂಡು ಪ್ರದೇಶದ ಗಲ್ಲಿಗಳೂ ಮೈದಾನಗಳೂ ಹೆತ್ತ ಮಕ್ಕಳು. ಹಲಸೂರಿನ ಗೌತಮಪುರದವರು ಬ್ರೆಜಿಲ್ ದೇಶದ ಪೆಲೆಗೆ ತಮ್ಮ ಬೀದಿಯಲ್ಲಿ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. ರುಚಿಯಿಲ್ಲದವರು ಮಾಡತಕ್ಕ ಕೆಲಸವೆ ಇದು?

ನನ್ನ ಕಣ್ಣಾರೆ ಕಂಡುದನ್ನೂ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ವರ್ಷಕ್ಕೊಂದು ಸಾರಿ ಹನ್ನೆರಡು ಹದಿನೈದು ಹುಡುಗರನ್ನು ಕಟ್ಟಿಕೊಂಡು ಬಂಗಾರಪೇಟೆಯಲ್ಲಿ ರೈಲು ಹತ್ತಿ, ಕಂಟೋನ್ಮೆಂಟಿನಲ್ಲಿಳಿದು, ನಡೆದೇ ಅಶೋಕನಗರದ ಕಾಲ್ಚೆಂಡಿನ ಅಂಗಣಕ್ಕೆ ಹೋಗುತ್ತಿದ್ದೆನು. ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳ ತಂಡಗಳು ಲೀಗ್ ಪಂದ್ಯಗಳನ್ನಾಡುತ್ತಿದ್ದವು. ಹಗಲು ಪಾಳಿ ಮುಗಿಸಿದ ಕೆಲಸಗಾರರು ಊಟದ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡೇ ಬಂದು ಕಲ್ಲುಮೆಟ್ಟಲಿನ ಮೇಲೆ ಕೂಡುತ್ತಿದ್ದರು. ಆಡುತ್ತಿದ್ದವನು ಅವರ ಪಕ್ಕದ ಲೇತ್‌ನಲ್ಲಿ ಕೆಲಸ ಮಾಡುವವನು, ಇಲ್ಲವೆ ನೆರೆಮನೆಯವನ ಮಗ. ಹೆಸರು ಹಿಡಿದು ಹೊಗಳುವರು, ಹೆಸರು ಹಿಡಿದು ಬೈಯುವರು. ಕಡಲೆಕಾಯಿಯ ಸಿಪ್ಪೆಯು ಕಾಲ ಕೆಳಗೆ ಒಂದಂಗುಲ ದಪ್ಪವಾಗಿ ಬಿದ್ದಿರುತ್ತಿದ್ದಿತು. ನಮ್ಮ ಹಳ್ಳಿಯ ಹುಡುಗರು ಬಾಯಿ ಬಿಟ್ಟುಕೊಂಡು, ಒಮ್ಮೆ ಆಟವನ್ನೂ ಒಮ್ಮೆ ಆ ಜನರನ್ನೂ ನೋಡುತ್ತಿದ್ದರು. ಹೊತ್ತು ಮುಳುಗುವುದರೊಳಗೆ ಆಟ ಮುಗಿಯುತ್ತಿದ್ದಿತು. ರಾತ್ರಿಯ ಊಟಕ್ಕೆ ಮನೆ ಸೇರುತ್ತಿದ್ದೆವು. ಆ ಹುಡುಗರಿಗೆ ಯಾರೂ ಈ ಆಟವನ್ನು ಪ್ರೀತಿಸಿರೆಂದು ಉಪದೇಶಿಸಲಿಲ್ಲ.

ಹಾಗಾದರೆ ಈಗ ಆಸನಗಳೇಕೆ ಬರಿದಾಗಿವೆ? ಇದಕ್ಕೆ 2018ನೆಯ ಇಸವಿಯಲ್ಲಿ ನಡೆದ ಒಂದು ಪ್ರಸಂಗವು ಉತ್ತರದ ಬಾಗಿಲನ್ನು ತೆರೆಯುತ್ತದೆ. ಆ ವರ್ಷದ ಜೂನ್ 1ರಂದು ಮುಂಬಯಿಯಲ್ಲಿ ಭಾರತ ತಂಡವು ಚೈನೀಸ್ ತೈಪೇ ತಂಡವನ್ನು 5-0ರಿಂದ ಸೋಲಿಸಿತು. ನಾಯಕರಾದ ಸುನಿಲ್ ಛೇತ್ರಿಯವರು, ಬೆಂಗಳೂರಿನ ತಂಡಕ್ಕೂ ಅವರೇ ನಾಯಕರು, ಮೂರು ಗೋಲುಗಳನ್ನು ಹೊಡೆದರು. ನೋಡಿದವರು 2,569 ಮಂದಿ. ಮರುದಿನ ಛೇತ್ರಿಯವರು ಚಲಚ್ಚಿತ್ರವೊಂದರ ಮೂಲಕ ಜನರಿಗೆ ಕೈಮುಗಿದು, ನಮ್ಮನ್ನು ಬೈಯಬೇಕೆಂದಿದ್ದರೂ ಸರಿ, ಅಂಗಣಕ್ಕೆ ಬಂದು ಬೈಯಿರೆಂದು ಬೇಡಿಕೊಂಡರು. ಜೂನ್ 4ರಂದು ಕೆನ್ಯದೊಡನೆ ನಡೆದ ಪಂದ್ಯಕ್ಕೆ ಒಂದು ಟಿಕೆಟ್ಟೂ ಮಿಗಲಿಲ್ಲ. ಸುರಿಯುವ ಮಳೆಯಲ್ಲಿ ಜನರು ಕಿಕ್ಕಿರಿದು ನಿಂತರು.

ತರ್ಕವನ್ನು ಓದಿದ ನನಗೆ ಇಲ್ಲಿ ಅನ್ವಯವ್ಯತಿರೇಕವು ಸ್ಪಷ್ಟವಾಗಿ ಕಾಣುತ್ತದೆ. ಊರು ಅದೇ, ಅಂಗಣ ಅದೇ, ತಂಡ ಅದೇ. ನಡುವೆ ಮೂರು ದಿನಗಳು. ಮೂರು ದಿನಗಳಲ್ಲಿ ಮುಂಬಯಿಯ ಜನರ ರುಚಿಯು ಬದಲಾಯಿತೆ? ಇಲ್ಲ. ಮೊದಲನೆಯ ದಿನ ಇಲ್ಲದೆ ನಾಲ್ಕನೆಯ ದಿನ ಇದ್ದುದು ಒಂದೇ, ಕರೆ. ಯಾರೋ ಒಬ್ಬರು ‘ನೀವು ಬೇಕು’ ಎಂದರು; ಜನರು ಬಂದರು. ಪ್ರಸಿದ್ಧ ಪುರುಷನ ಮಾತಿಗೆ ಮರುಳಾಗಿ ಕುತೂಹಲದಿಂದ ಬಂದರೆಂದು ಮಿತ್ರರು ಹೇಳಬಹುದು. ಸ್ವಲ್ಪಮಟ್ಟಿಗೆ ಅದು ನಿಜವೇ ಇರಲಿ. ಆದರೆ ಆಡುವವನೇ ಬಂದು ಬಾಗಿಲಲ್ಲಿ ನಿಂತು ಜನರನ್ನು ಕರೆಯಬೇಕಾಗಿ ಬಂದಿತಲ್ಲಾ, ಕರೆಯತಕ್ಕವರು ಅದುವರೆಗೆ ಏನು ಮಾಡುತ್ತಿದ್ದರು? ಮದುವೆಯ ಮನೆಯಲ್ಲಿ ಮದುಮಗನೇ ಬೀದಿಗೆ ಬಂದು ‘ಊಟಕ್ಕೆ ಬನ್ನಿ’ ಎಂದು ಕೂಗಿಕೊಂಡರೆ ಬೀಗರ ಬಗ್ಗೆ ಊರು ಏನೆನ್ನುತ್ತದೆ?

ಕರೆಯುವ ಮಾತು ಹಾಗಿರಲಿ, ಬಂದವರನ್ನೂ ಬಾಗಿಲಿನಿಂದ ಹೊರಕ್ಕೆ ಕಳುಹಿಸುವ ವಿದ್ಯೆಯು ಈಗ ಸಿದ್ಧಿಸಿದೆ. ಕೆಲವು ಕಾಲದ ಹಿಂದೆ ಹತ್ತು ವರ್ಷದ ಮೊಮ್ಮಗನನ್ನು ಕರೆದುಕೊಂಡು ಒಂದು ಪಂದ್ಯಕ್ಕೆ ಹೋದೆನು. ಯಾವುದು, ಯಾರು ನಡೆಸಿದ್ದು ಎಂಬುದು ಬೇಡ. ಜೇಬಿನಲ್ಲಿ ಹಣವಿದ್ದಿತು. ಟಿಕೆಟ್ಟಿನ ಕಿಟಕಿಯನ್ನು ಹುಡುಕಿಕೊಂಡು ಅಂಗಣಕ್ಕೆ ಒಂದು ಸುತ್ತು ಪ್ರದಕ್ಷಿಣೆ ಬಂದದ್ದಾಯಿತು. ಕಾವಲಿನವನು ಒಳ್ಳೆಯವನೇ, “ಯಜಮಾನ್ರೇ, ಇಲ್ಲಿ ಟಿಕೆಟ್ ಕೊಡಲ್ಲ. ಫೋನಲ್ಲೇ ತಗೋಬೇಕು” ಎಂದನು. ನನ್ನದು ಗುಂಡಿ ಒತ್ತುವ ಹಳೆಯ ಫೋನು. “ಹಣ ಕೊಡುತ್ತೇನಪ್ಪಾ” ಎಂದೆನು. “ಹಣ ತಗೊಳ್ಳೋರು ಯಾರೂ ಇಲ್ಲಿಲ್ಲ, ಯಜಮಾನ್ರೇ” ಎಂದನು. ಗೇಟಿನ ಸಂದಿಯಿಂದ ಒಳಗಿನ ಒಂದು ಪಾರ್ಶ್ವವು ಕಾಣುತ್ತಿದ್ದಿತು. ಅಲ್ಲಿ ಹತ್ತು ಕುರ್ಚಿಗೆ ಒಬ್ಬನಂತೆ ಜನರಿದ್ದರು. ಮೊಮ್ಮಗನು ಆ ಸಂದಿಗೆ ಕಣ್ಣಿಟ್ಟು, “ತಾತಾ, ಅಷ್ಟೊಂದು ಜಾಗ ಖಾಲಿ ಇದೆಯಲ್ಲಾ, ನಮ್ಮನ್ನ ಯಾಕೆ ಬಿಡಲ್ಲ?” ಎಂದನು. ನಾಲ್ಕು ದಶಕಗಳ ಕಾಲ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿದವನಾದರೂ ಅದಕ್ಕೆ ಉತ್ತರ ಹೊಳೆಯಲಿಲ್ಲ. ಕೊನೆಗೆ ಕಾಲೇಜಿನ ಹುಡುಗನೊಬ್ಬನು ಕನಿಕರಿಸಿ ತನ್ನ ಫೋನಿನಲ್ಲಿ ಎರಡು ಟಿಕೆಟ್ಟು ಕೊಂಡುಕೊಟ್ಟು ನನ್ನಿಂದ ಹಣ ಪಡೆದನು. ಒಳಕ್ಕೆ ಹೋಗುವಾಗ ನೀರಿನ ಬಾಟ್ಲಿಯನ್ನು ಕಿತ್ತುಕೊಂಡರು. ಅಷ್ಟು ಹೊತ್ತಿಗೆ ಮೊದಲರ್ಧವು ಮುಗಿಯುತ್ತಾ ಬಂದಿದ್ದಿತು. ಮರುದಿನ ಅದೇ ಪಂದ್ಯದ ವರದಿಯಲ್ಲಿ ‘ಪ್ರೇಕ್ಷಕರ ನಿರುತ್ಸಾಹ’ವೆಂದು ಓದಿದೆನು! ನಾವಿಬ್ಬರೂ ಗೇಟಿನ ಹೊರಗೆ ನಿಂತ ಅರ್ಧ ಗಂಟೆಯ ಲೆಕ್ಕವನ್ನು ಆ ವರದಿಗಾರನು ಯಾವ ಕಲಮಿಗೆ ಹಾಕಿದನೋ.

ಇನ್ನು ಹೊತ್ತಿನ ಮಾತು. ಐ.ಎಸ್.ಎಲ್. ಎಂಬ ದೊಡ್ಡ ಲೀಗಿನ ಪಂದ್ಯಗಳು ಹೆಚ್ಚಾಗಿ ರಾತ್ರಿ ಏಳೂವರೆಗೆ ಮೊದಲಾಗುವಂತೆ ಗೊತ್ತುಮಾಡಲ್ಪಟ್ಟುವು. ಅದು ಟೆಲಿವಿಷನ್ನಿಗೆ ಪ್ರಶಸ್ತವಾದ ಮುಹೂರ್ತವೇ ಹೊರತು ಅಂಗಣಕ್ಕೆ ಬರುವವನಿಗಲ್ಲ. ಆಟವು ಮುಗಿದು ಜನಸಂದಣಿಯಿಂದ ಹೊರಬೀಳುವ ಹೊತ್ತಿಗೆ ಒಂಬತ್ತೂವರೆ ಮೀರುತ್ತದೆ. ಬೆಳಗಾದರೆ ಶಾಲೆಗೆ ಹೋಗುವ ಮಗುವಿರುವ ಗೃಹಸ್ಥನು ಏನು ಮಾಡತಕ್ಕದ್ದು? ಕೋಲಾರದಿಂದಲೋ ತುಮಕೂರಿನಿಂದಲೋ ಬಂದವನು ಯಾವ ಬಸ್ಸು ಹಿಡಿಯತಕ್ಕದ್ದು? ನನ್ನ ಹುಡುಗರನ್ನು ಕಟ್ಟಿಕೊಂಡು ಹೋದಂತೆ ಇಂದು ಯಾವ ಉಪಾಧ್ಯಾಯನೂ ಹೋಗಲಾರನು.

ಕೋವಿಡ್ ವ್ಯಾಧಿಯ ಕಾಲದಲ್ಲಿ, 2020-21 ಮತ್ತು 2021-22ರಲ್ಲಿ, ಆ ಲೀಗು ಸಂಪೂರ್ಣವಾಗಿ ಗೋವೆಯಲ್ಲಿಯೇ, ಬಹುಮಟ್ಟಿಗೆ ಪ್ರೇಕ್ಷಕರಿಲ್ಲದೆ, ನಡೆಯಿತು. ಅದು ಅನಿವಾರ್ಯವಾಗಿದ್ದಿತು, ನಾನು ಅದನ್ನು ದೂರುವುದಿಲ್ಲ. ಆದರೆ ಎರಡು ವರ್ಷ ಉತ್ಸವವು ನಿಂತ ದೇವಸ್ಥಾನಕ್ಕೆ ಮತ್ತೆ ಜನರನ್ನು ತರುವುದಕ್ಕೆ ಡಂಗುರ ಹೊಡೆಯಿಸಬೇಕು, ಬಾಗಿಲಿಗೆ ತೋರಣ ಕಟ್ಟಬೇಕು. ಮುರಿದ ಅಭ್ಯಾಸವು ತಾನಾಗಿ ಕೂಡಿಕೊಳ್ಳುವುದಿಲ್ಲ. ಅದರ ಮೇಲೆ 2025ರ ಜುಲೈಯಲ್ಲಿ ಒಡೆಯರ ಒಪ್ಪಂದದ ತಕರಾರಿನಿಂದ ಲೀಗೇ ತಡೆಹಿಡಿಯಲ್ಪಟ್ಟಿತು. ಆಗಸ್ಟಿನಲ್ಲಿ ಬೆಂಗಳೂರಿನ ತಂಡವು ತನ್ನ ಆಟಗಾರರ ಸಂಬಳವನ್ನು ನಿಲ್ಲಿಸಬೇಕಾಯಿತು. ಈ ವರ್ಷ ಆಟವುಂಟೋ ಇಲ್ಲವೋ ಎಂಬುದೇ ತಿಳಿಯದಂತೆ ಮಾಡಿ, ಪ್ರೇಕ್ಷಕನು ನಿಷ್ಠೆಯಿಲ್ಲದವನೆಂದು ಬೈಯುವುದು ಯಾವ ನ್ಯಾಯ?

ಆದರೆ ನನ್ನ ಹೊಟ್ಟೆಯನ್ನು ಉರಿಸಿದ ಸಂಗತಿಯು ಇವೆಲ್ಲಕ್ಕಿಂತ ಬೇರೆ. 2022ರ ಏಪ್ರಿಲ್-ಮೇ ತಿಂಗಳಲ್ಲಿ ಸಂತೋಷ್ ಟ್ರೋಫಿಯ ಕೊನೆಯ ಸುತ್ತು ಕೇರಳದ ಮಲಪ್ಪುರಂ ಜಿಲ್ಲೆಯ ಮಂಜೇರಿಯಲ್ಲಿ ನಡೆಯಿತು. ಅದು ದೊಡ್ಡ ಪಟ್ಟಣವೇನೂ ಅಲ್ಲ. ಆ ಸೀಮೆಯಲ್ಲಿ ಕೊಯ್ಲು ಮುಗಿದ ಗದ್ದೆಯ ಪಕ್ಕದಲ್ಲಿ ಅಡಕೆಯ ಮರ ಬಿದಿರುಗಳಿಂದ ಗ್ಯಾಲರಿ ಕಟ್ಟಿ, ಏಳೇಳು ಜನರ ಆಟವನ್ನು ದುಡ್ಡು ಕೊಟ್ಟು ನೋಡುವ ವಾಡಿಕೆಯಿದೆ. ಅಂತಹ ಕಡೆ ಪಂದ್ಯವಿಟ್ಟರೆ ಏನಾಗಬೇಕೋ ಅದಾಯಿತು. ಅಂಗಣವು ತುಂಬಿ ತುಳುಕಿತು. ನಮ್ಮ ಕರ್ನಾಟಕದ ಹುಡುಗರು ಅಲ್ಲಿ ಉಪಾಂತ್ಯದಲ್ಲಿ 7-3ರಿಂದ ಸೋತರು, ನಿಜ. ಸೋತರೂ ಸಹಸ್ರಾರು ಜನರ ಮುಂದೆ ಸೋತರು.

ಮರುವರ್ಷ ಅವರೇ ಗೆದ್ದರು. 1968-69ರಲ್ಲಿ ಮೈಸೂರೆಂಬ ಹೆಸರಿನಲ್ಲಿ ಗೆದ್ದಮೇಲೆ 54 ವರ್ಷಗಳ ತರುವಾಯ, 2023ರ ಮಾರ್ಚ್ 4ರಂದು, ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕವು ಸಂತೋಷ್ ಟ್ರೋಫಿಯನ್ನು ಎತ್ತಿ ಹಿಡಿಯಿತು. ಎಲ್ಲಿ? ಬೆಂಗಳೂರಿನಲ್ಲಿ ಅಲ್ಲ, ಷಿಲ್ಲಾಂಗಿನಲ್ಲಿಯೂ ಅಲ್ಲ. ಸೌದಿ ಅರೇಬಿಯದ ರಿಯಾದ್ ನಗರದಲ್ಲಿ! ಅರವತ್ತು ಸಾವಿರಕ್ಕೂ ಮಿಕ್ಕು ಜನರು ಕೂಡಬಹುದಾದ ಆ ಮಹಾ ಅಂಗಣದ ಆಸನಗಳು ಬಹುಮಟ್ಟಿಗೆ ಬರಿದಾಗಿಯೇ ಇದ್ದವು. ನಮ್ಮ ದೇಶದ ರಾಜ್ಯ ರಾಜ್ಯಗಳ ನಡುವಣ ಪಂದ್ಯವನ್ನು ಸಮುದ್ರದಾಚೆಗೆ ಸಾಗಿಸಿದವರು ಅದನ್ನೊಂದು ಗೌರವವೆಂದರು. ಆಡಿದ ಹುಡುಗರಿಗೆ ವಿಮಾನಯಾನವೂ ಒಳ್ಳೆಯ ಹುಲ್ಲುಹಾಸೂ ದೊರೆತವು, ಅದು ಬೇಡವೆನ್ನಲಾರೆ. ಆದರೆ ಅವರ ತಂದೆತಾಯಿಗಳೆಲ್ಲಿದ್ದರು? ಅವರಿಗೆ ಮೊದಲು ಚೆಂಡು ಒದೆಯಲು ಕಲಿಸಿದ ಬೀದಿಯವರೆಲ್ಲಿದ್ದರು? ಐವತ್ತನಾಲ್ಕು ವರ್ಷಗಳಿಗೊಮ್ಮೆ ಬಂದ ಗೆಲವನ್ನು ಕಂಡು ಕೂಗಲು ಕನ್ನಡಿಗನಿಗೆ ಅವಕಾಶವನ್ನೇ ಕೊಡದೆ, ಕನ್ನಡಿಗನಿಗೆ ಕಾಲ್ಚೆಂಡು ಬೇಡವೆಂದರೆ, ಮಿತ್ರರು ಕ್ಷಮಿಸಬೇಕು, ಅದು ಉಣಬಡಿಸದೆ ಹಸಿವಿಲ್ಲವೆಂದಂತೆ.

‘ಮನೆಯಲ್ಲೇ ನೋಡಿಕೊಳ್ಳಲಿ’ ಎಂಬ ಮಾತಿಗೂ ಉತ್ತರ ಹೇಳಬೇಕಷ್ಟೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಸಿದ್ಧಿಯೆಂಬ ವಿಷಯಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಪ್ರಯೋಗವು ಫಲಿಸಿತೆಂಬುದನ್ನು ತಿಳಿಯುವುದು ಹೇಗೆ? ನಟನ ಚಾತುರ್ಯವನ್ನು ಅಳೆದಲ್ಲ, ಪ್ರೇಕ್ಷಕರನ್ನು ನೋಡಿ. ನಗೆ, ಮೆಚ್ಚುಮಾತು, ರೋಮಾಂಚ, ಎದ್ದು ನಿಲ್ಲುವುದು ಇವು ಮಾನುಷಸಿದ್ಧಿಯ ಗುರುತುಗಳು. ಅದಕ್ಕೂ ಮೇಲಾದ ದೈವಿಕಸಿದ್ಧಿಗೆ ಆತನು ಹೇಳುವ ಲಕ್ಷಣಗಳಲ್ಲಿ ರಂಗವು ಪೂರ್ಣವಾಗಿ ತುಂಬಿರುವುದೂ ಒಂದು. ಎಂದರೆ ತುಂಬಿದ ಆಸನವು ವ್ಯಾಪಾರದ ಲೆಕ್ಕವಲ್ಲ, ಪ್ರಯೋಗದ ಅಂಗವೇ ಎಂಬುದು ಆ ಪ್ರಾಚೀನನ ಮತವು. ಅಂಗಣದಲ್ಲಿ ಕುಳಿತವನ ಕೂಗು ಆಡುವವನ ಕಾಲಿಗೆ ಮುಟ್ಟುತ್ತದೆ. ಸೋಫಾದ ಮೇಲೆ ಕುಳಿತವನ ಕೂಗು ಪಕ್ಕದ ಮನೆಯವರಿಗೆ ಮಾತ್ರ. 1997ರ ಜುಲೈ 13ರಂದು ಕಲ್ಕತ್ತೆಯ ಸಾಲ್ಟ್ ಲೇಕ್ ಅಂಗಣದಲ್ಲಿ ಈಸ್ಟ್ ಬೆಂಗಾಲ್ ಮೋಹನ್ ಬಾಗಾನ್ ತಂಡಗಳ ಪಂದ್ಯಕ್ಕೆ ಸೇರಿದ್ದ 1,31,781 ಜನರಲ್ಲಿ ಒಬ್ಬನಾಗಿದ್ದವನನ್ನು ಕೇಳಿದರೆ ಆ ದಿನ ಆಡಿದವರು ಇಪ್ಪತ್ತೆರಡು ಮಂದಿ ಮಾತ್ರವೆಂದು ಆತನು ಒಪ್ಪಲಾರನು.

ಪ್ರೇಕ್ಷಕನನ್ನು ಬರಿಯ ಗಿರಾಕಿಯೆಂದು ಎಣಿಸಿದ ಒಡೆಯರು ಇತರ ದೇಶಗಳಲ್ಲಿಯೂ ಇದ್ದಾರೆ. ಆದರೆ ಅಲ್ಲಿ ಪ್ರೇಕ್ಷಕರೂ ಸುಮ್ಮನಿರಲಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ತಂಡವು ಮರುವರ್ಷದಿಂದ ಅತಿ ಹೆಚ್ಚಿನ ಟಿಕೆಟ್ಟಿಗೆ 77 ಪೌಂಡು ಬೆಲೆಯಿಡುವೆವೆಂದು ಸಾರಿದಾಗ, 2016ರ ಫೆಬ್ರವರಿ 6ರಂದು, ಪಂದ್ಯದ 77ನೆಯ ನಿಮಿಷಕ್ಕೆ ಸರಿಯಾಗಿ ಸುಮಾರು ಹತ್ತು ಸಾವಿರ ಮಂದಿ ಎದ್ದು ಹೊರನಡೆದರು. ಆಗ ಅವರ ತಂಡವು 2-0ರಿಂದ ಮುಂದಿದ್ದಿತು; ಮುಗಿಯುವ ವೇಳೆಗೆ 2-2 ಆಯಿತು. ಕೆಲವೇ ದಿನಗಳಲ್ಲಿ ಒಡೆಯರು ಕ್ಷಮೆ ಕೇಳಿ ಬೆಲೆಯನ್ನು ಹಿಂತೆಗೆದುಕೊಂಡರು. ಬರಿದಾದ ಆಸನಕ್ಕೂ ಬಾಯುಂಟು, ಕೇಳುವ ಕಿವಿಯಿದ್ದರೆ.

ಇಷ್ಟೆಲ್ಲ ಹೇಳಿ ಪ್ರೇಕ್ಷಕರದು ಏನೂ ತಪ್ಪಿಲ್ಲವೆಂದರೆ ಅದು ಪಕ್ಷಪಾತವಾದೀತು. ಮಧ್ಯರಾತ್ರಿಯ ತನಕ ಎದ್ದಿದ್ದು ಯೂರೋಪಿನ ಪಂದ್ಯವನ್ನು ನೋಡಿ, ಬಾರ್ಸಿಲೋನದ ಅಂಗಿ ತೊಟ್ಟು ತಿರುಗುವ ನಮ್ಮ ತರುಣರಲ್ಲಿ ಎಷ್ಟು ಮಂದಿಗೆ ಬೆಂಗಳೂರಿನ ಲೀಗಿನಲ್ಲಿ ಆಡುವ ಒಂದು ತಂಡದ ಹೆಸರು ಗೊತ್ತು? 2025ರ ಡಿಸೆಂಬರ್ 13ರಂದು ಅದೇ ಸಾಲ್ಟ್ ಲೇಕ್ ಅಂಗಣಕ್ಕೆ ಅರ್ಜೆಂಟೀನದ ಮೆಸ್ಸಿಯವರು ಬಂದರು. ಆಡುವುದಕ್ಕಲ್ಲ, ಕೈ ಬೀಸುವುದಕ್ಕೆ. ಸಾವಿರಾರು ರೂಪಾಯಿ ತೆತ್ತು ಜನರು ಬಂದು ತುಂಬಿದರು. ಗಣ್ಯರ ಗುಂಪಿನ ನಡುವೆ ಅವರು ಸರಿಯಾಗಿ ಕಾಣಲೂ ಇಲ್ಲ. ಕೊಂಚ ಹೊತ್ತಿನಲ್ಲಿ ಹೊರಟುಹೋದರು. ಕೋಪಗೊಂಡ ಜನರು ಬಾಟ್ಲಿಗಳನ್ನು ಎಸೆದು, ಕುರ್ಚಿಗಳನ್ನೇ ಕಿತ್ತು ಬಿಸುಟರು. ಚೆಂಡಿಲ್ಲದ ದಿನ ಆಸನವು ತುಂಬಿದ್ದಿತು; ಚೆಂಡಿರುವ ದಿನ ಬರಿದಾಗಿರುತ್ತದೆ. ನನ್ನ ಮಿತ್ರರು ಇದನ್ನು ತಮ್ಮ ಪಕ್ಷಕ್ಕೆ ಸಾಕ್ಷಿಯೆಂದು ಹಿಡಿಯಬಹುದು. ನಾನು ಹೇಳುವುದಿಷ್ಟೆ: ಆ ಜನರ ಜೇಬಿನಲ್ಲಿ ಹಣವಿದ್ದಿತು, ಎದೆಯಲ್ಲಿ ಆಸೆಯೂ ಇದ್ದಿತು. ಅದನ್ನು ಗದ್ದೆಗೆ ಹಾಯಿಸುವ ಕಾಲುವೆಯನ್ನು ಯಾರೂ ತೋಡದೆ ಇದ್ದುದರಿಂದ ಅದು ಹಳ್ಳಕ್ಕೆ ಹರಿಯಿತು.

2013ರಲ್ಲಿ ಬೆಂಗಳೂರು ಎಫ್.ಸಿ. ತಂಡವು ಹೊಸದಾಗಿ ಹುಟ್ಟಿ ಅಶೋಕನಗರದ ಹಳೆಯ ಚಿಕ್ಕ ಅಂಗಣದಲ್ಲಿ ಆಡತೊಡಗಿದಾಗ ಅಂತಹ ಕಾಲುವೆಯೊಂದು ತೋಡಲ್ಪಟ್ಟಿದ್ದಿತು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರಿಟ್ಟುಕೊಂಡ ಹುಡುಗರು ಗೆರೆಯ ಪಕ್ಕದಲ್ಲೇ ನಿಂತು ತೊಂಬತ್ತು ನಿಮಿಷವೂ ಹಾಡುತ್ತಿದ್ದರು. ತಂಡವು ಮೊದಲನೆಯ ವರ್ಷವೇ ಐ-ಲೀಗನ್ನು ಗೆದ್ದಿತು. ಮುಂದೆ ಅದು ಸೇರಿದ ಕಂಠೀರವ ಅಂಗಣವು ದೊಡ್ಡದು. ಆದರೆ ಅಲ್ಲಿ ಪ್ರೇಕ್ಷಕನಿಗೂ ಆಟಕ್ಕೂ ನಡುವೆ ಓಟಗಾರರ ಪಥವು ಸುತ್ತುಗಟ್ಟಿದೆ. ಓಟಗಾರರಿಗೆ ಅದು ಬೇಕೇ ಬೇಕು. ಅದು ಅವರದೇ ಅಂಗಣ. ಕಾಲ್ಚೆಂಡಿನ ಊರೆನಿಸಿದ ಬೆಂಗಳೂರಿಗೆ ಕಾಲ್ಚೆಂಡಿಗೆಂದೇ ಒಂದು ತಕ್ಕ ಅಂಗಣವನ್ನು ಕಟ್ಟಿಕೊಡಲಾರದವರು ಪ್ರೇಕ್ಷಕನು ದೂರವಾದನೆಂದು ವ್ಯಸನಪಡುವುದು ನನಗೆ ವಿಚಿತ್ರವಾಗಿ ತೋರುತ್ತದೆ. ದೂರವಿಟ್ಟವರಾರು?

ನಾನು ಕೇಳುವುದು ದೊಡ್ಡ ಸಂಗತಿಗಳನ್ನಲ್ಲ. ಗೇಟಿನ ಬಳಿ ನಾಣ್ಯ ನೋಟುಗಳನ್ನು ತೆಗೆದುಕೊಳ್ಳುವ ಒಂದು ಕಿಟಕಿ. ಭಾನುವಾರ ಸಂಜೆ ನಾಲ್ಕಕ್ಕೆ ಮೊದಲಾಗುವ ಪಂದ್ಯ. ಶಾಲೆಯ ಮಕ್ಕಳನ್ನು ಉಪಾಧ್ಯಾಯನೊಡನೆ ಬಿಟ್ಟಿಯಾಗಿ ಒಳಕ್ಕೆ ಬಿಡುವುದು; ಹೇಗೂ ಬರಿದಾಗಿರುವ ಕುರ್ಚಿಗೆ ಅದರಿಂದ ನಷ್ಟವೇನು? ರಾಜ್ಯದ ತಂಡವು ಆಡುವಾಗ ರಾಜ್ಯದ ಒಂದು ಜಿಲ್ಲಾ ಊರಿನಲ್ಲಿ, ಮಂಗಳೂರಿನಲ್ಲೋ ಬೆಳಗಾವಿಯಲ್ಲೋ, ಪಂದ್ಯವಿಡುವುದು. ಇವುಗಳಲ್ಲಿ ಯಾವುದಕ್ಕೂ ಸಮುದ್ರವನ್ನು ದಾಟಬೇಕಾಗಿಲ್ಲ.

ಬರುವ ಭಾನುವಾರ ನಮ್ಮ ತಾಲ್ಲೂಕು ಮೈದಾನದಲ್ಲಿ ಎರಡು ಹೈಸ್ಕೂಲುಗಳ ಹುಡುಗರು ಆಡುತ್ತಾರೆ. ಟಿಕೆಟ್ಟಿಲ್ಲ, ಕುರ್ಚಿಯೂ ಇಲ್ಲ, ಹುಣಿಸೆಮರದ ಕೆಳಗೆ ಕಲ್ಲುಬೆಂಚಿದೆ. ಮೊಮ್ಮಗನೂ ನಾನೂ ಮೂರೂವರೆಗೇ ಅಲ್ಲಿರುತ್ತೇವೆ. ವಾಚನಾಲಯದ ಮಿತ್ರರಿಗಾಗಿ ಪಕ್ಕದಲ್ಲಿ ಒಂದು ಪಂಚೆ ಹಾಸಿ ಸ್ಥಳ ಹಿಡಿದಿರುತ್ತೇನೆ. ಪಡುವಣ ಬಿಸಿಲು ನೇರವಾಗಿ ಮುಖಕ್ಕೆ ಬೀಳುತ್ತದಾದ್ದರಿಂದ ಅವರು ಕೊಡೆಯನ್ನು ಮರೆಯದೆ ತರಬೇಕು.